ಮೇಳ ಮುಗಿದ ಮೇಲೆ ಉಳಿದ ಕಾಗದಗಳು

(ಸಂಸ್ಥೆಯ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ಮಾಡಿದ ಭಾಷಣದ ಬರಹ ರೂಪ)

 



ಸ್ನೇಹ ಸಮ್ಮೇಳನದಲ್ಲಿ ಸಾಮಾನ್ಯವಾಗಿ ಚೆನ್ನಾಗಿ ಓದಿರಿ, ನೌಕರಿ ಹಿಡಿಯಿರಿ ಎಂದು ಹೇಳುವುದುಂಟು. ಆ ಮಾತನ್ನು ನನಗಿಂತ ಮೊದಲು ಮಾತಾಡಿದ ಹಿರಿಯರು ಚೆನ್ನಾಗಿ ಹೇಳಿದ್ದಾರೆ. ನಾನು ಇವತ್ತು ಬೇರೊಂದು ವಿಷಯ ಆರಿಸಿಕೊಂಡಿದ್ದೇನೆ. ಅದು ರದ್ದಿ ಕಾಗದದ ವಿಷಯ. ನಗಬೇಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್, ಪ್ಯಾರಿಸ್, ಶಿಕಾಗೋ ನಗರಗಳಲ್ಲಿ ನಡೆದ ದೊಡ್ಡ ಮೇಳಗಳ ಟಿಕೇಟು, ಕರಪತ್ರ, ಪಟ್ಟಿ ಪುಸ್ತಕ, ಪದಕಗಳ ಕಥೆ ಅದು. ಗುತ್ತಲದಲ್ಲಿ ಕುಳಿತ ನಮಗೂ ಅದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಅದನ್ನೇ ಹೇಳಲು ಬಂದಿದ್ದೇನೆ.

ಜಾತ್ರೆಯಿಂದ ಮನೆಗೆ ಬರುವ ವಸ್ತು

ನಮ್ಮ ಭಾಗದವರಿಗೆ ಜಾತ್ರೆ, ಉರುಸು ಹೊಸದಲ್ಲ. ದೇವರಗುಡ್ಡದ ಜಾತ್ರೆಗೆ ಹೋದವರು, ಹುಲಗೂರಿನ ಉರುಸಿಗೆ ಹೋದವರು ಬರಿಗೈಯಲ್ಲಿ ಮರಳುವುದಿಲ್ಲ. ಬೆಂಡು ಬತ್ತಾಸು, ಬಳೆ, ಮಕ್ಕಳಿಗೊಂದು ಪೀಪಿ, ಗೋಡೆಗೊಂದು ಚಿತ್ರಪಟ, ಏನಾದರೂ ತರುತ್ತಾರೆ. ತಿಂಡಿ ಎರಡು ದಿನದಲ್ಲಿ ಮುಗಿಯುತ್ತದೆ. ಚಿತ್ರಪಟ ಇಪ್ಪತ್ತು ವರ್ಷ ಗೋಡೆಯ ಮೇಲೆ ಇರುತ್ತದೆ. ಹೋಗಿ ಬಂದದ್ದಕ್ಕೆ ಅದು ಸಾಕ್ಷಿ.

ಜಾಗತಿಕ ಮೇಳ ಎಂದರೆ ದೇಶದೇಶಗಳು ಸೇರಿ ನಡೆಸುವ ಇಂಥದೇ ಒಂದು ಜಾತ್ರೆ. ಅಲ್ಲಿ ದೇವರ ಜಾಗದಲ್ಲಿ ಯಂತ್ರ ಮತ್ತು ವ್ಯಾಪಾರ ಇದ್ದವು ಎಂಬುದಷ್ಟೇ ವ್ಯತ್ಯಾಸ. ಕಾಲದ ಅಂದಾಜು ಬರಲಿ ಎಂದು ಹೇಳುತ್ತೇನೆ: ನಮ್ಮ ಜಿಲ್ಲೆಯ ಸಂತ ಶಿಶುನಾಳ ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಅವರು ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ನಾನು ಹೇಳುವ ಮೇಳಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಅವರು ಬದುಕಿದ್ದಾಗಲೇ ನಡೆದವು.

ಗಾಜಿನ ಅರಮನೆ ಮತ್ತು ಎಂಟಾಣೆಯ ಟಿಕೇಟು

ಮೊದಲನೆಯ ದೊಡ್ಡ ಮೇಳ ಲಂಡನ್ನಿನ ಹೈಡ್ ಪಾರ್ಕಿನಲ್ಲಿ 1851ರ ಮೇ 1ರಂದು ತೆರೆಯಿತು. ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ ಕಬ್ಬಿಣದ ಚೌಕಟ್ಟಿಗೆ ಗಾಜು ಕೂಡಿಸಿ 1,848 ಅಡಿ ಉದ್ದದ ಕಟ್ಟಡ ಕಟ್ಟಿಸಿದ. ಅದನ್ನು ಜನ ಕ್ರಿಸ್ಟಲ್ ಪ್ಯಾಲೇಸ್ ಎಂದು ಕರೆದರು. ಒಂದು ಲಕ್ಷಕ್ಕೂ ಹೆಚ್ಚು ವಸ್ತುಗಳನ್ನು ಅಲ್ಲಿ ಇಟ್ಟಿದ್ದರು. ಐದೂವರೆ ತಿಂಗಳಲ್ಲಿ ಅರವತ್ತು ಲಕ್ಷ ಭೇಟಿಗಳಾದವು. ಬೆಂಗಳೂರಿಗೆ ಪ್ರವಾಸ ಹೋದ ವಿದ್ಯಾರ್ಥಿಗಳು ಲಾಲ್‌ಬಾಗಿನ ಗಾಜಿನ ಮನೆ ನೋಡಿರಬೇಕು. ಅದಕ್ಕೆ 1889ರ ನವೆಂಬರ್ 30ರಂದು ಅಡಿಗಲ್ಲು ಹಾಕಿದ್ದು, ಈ ಲಂಡನ್ ಕಟ್ಟಡದ ಮಾದರಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು. ಫಲಪುಷ್ಪ ಪ್ರದರ್ಶನಕ್ಕೆಂದು ಕಟ್ಟಿದ ಆ ಮನೆಯಲ್ಲಿ ನಿಂತಾಗ 1851ರ ಮೇಳದ ಒಂದು ಸಣ್ಣ ತುಣುಕಿನಲ್ಲಿ ನಿಂತಿದ್ದೇವೆ ಎಂದು ತಿಳಿಯಬಹುದು.

ಮೊದಲು ಟಿಕೇಟು ಬಹಳ ದುಬಾರಿ ಇತ್ತು. ಇಡೀ ಅವಧಿಯ ಟಿಕೇಟಿಗೆ ಗಂಡಸರಿಗೆ ಮೂರು ಗಿನಿ, ಹೆಂಗಸರಿಗೆ ಎರಡು ಗಿನಿ. ಮೇ ತಿಂಗಳ ಕೊನೆಗೆ ವಾರದಲ್ಲಿ ನಾಲ್ಕು ದಿನ ಒಂದು ಶಿಲ್ಲಿಂಗ್ ದರ ಮಾಡಿದರು. ಒಂದು ಶಿಲ್ಲಿಂಗ್ ಎಂದರೆ ಆಗಿನ ನಮ್ಮ ಎಂಟಾಣೆ. ಆಗ ಗಿರಣಿ ಕೂಲಿಕಾರರು, ಹಳ್ಳಿಯ ರೈತರು ರೈಲು ಹತ್ತಿ ಬಂದರು. ಬಂದವರಿಗೆಲ್ಲ ಏನಾದರೊಂದು ನೆನಪಿನ ವಸ್ತು ಬೇಕಲ್ಲ? ಅದರ ವ್ಯಾಪಾರವೇ ಬೆಳೆಯಿತು. ಹಾರ್ಮೋನಿಯಂ ತಿದಿಯ ಹಾಗೆ ಮಡಚಿ ಬಿಚ್ಚುವ ಕಾಗದದ ಆಟಿಕೆ ಇತ್ತು. ಅದರ ತೂತಿನಲ್ಲಿ ಕಣ್ಣಿಟ್ಟರೆ ಗಾಜಿನ ಅರಮನೆಯ ಒಳಗೆ ದೂರದವರೆಗೆ ನೋಡಿದಂತೆ ಕಾಣುತ್ತಿತ್ತು. ಕಟ್ಟಡದ ಚಿತ್ರ ಒತ್ತಿದ ಅಗ್ಗದ ಲೋಹದ ಪದಕಗಳು ಇದ್ದವು. ಚಿತ್ರ ಅಚ್ಚು ಹಾಕಿದ ಕರವಸ್ತ್ರ, ಬೀಸಣಿಗೆ ಇದ್ದವು. ಜಾರ್ಜ್ ಶೋವ್ ಎಂಬಾತ ಹೆಂಗಸರ ಕೈಗವಸಿನ ಮೇಲೆ ಲಂಡನ್ನಿನ ನಕಾಶೆಯನ್ನೇ ಬರೆದ. ದಾರಿ ತಪ್ಪಿದರೆ ಅಂಗೈ ನೋಡಿಕೊಂಡರೆ ಸಾಕು.

ಮುಂದಿನ ಮೇಳಗಳಲ್ಲಿ ಇದು ಇನ್ನೂ ಹೆಚ್ಚಿತು. 1893ರಲ್ಲಿ ಶಿಕಾಗೋದಲ್ಲಿ ನಡೆದ ಮೇಳ ನಮಗೆ ಗೊತ್ತು. ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ಆ ಮೇಳಕ್ಕೆ ಹೊಂದಿಕೊಂಡೇ ನಡೆದದ್ದು. ಅಲ್ಲಿ ಇಸ್ಲಾಮಿನ ಪರವಾಗಿ ಮಾತಾಡಿದವರು ಮುಹಮ್ಮದ್ ಅಲೆಕ್ಸಾಂಡರ್ ರಸೆಲ್ ವೆಬ್ ಎಂಬ ಅಮೆರಿಕದವರು. ಈ ಮೇಳಕ್ಕಾಗಿ ಅಮೆರಿಕದ ಅಂಚೆ ಇಲಾಖೆ ಒಂದು ಸೆಂಟಿನಿಂದ ಐದು ಡಾಲರ್‌ವರೆಗೆ ಹದಿನಾರು ಬಗೆಯ ನೆನಪಿನ ಅಂಚೆಚೀಟಿ ತಂದಿತು. ಸರಕಾರದ ಟಂಕಸಾಲೆ ಅರ್ಧ ಡಾಲರಿನ ನಾಣ್ಯ ಹೊಡೆಯಿತು. ಅದನ್ನು ಮೇಳದವರು ಒಂದು ಡಾಲರಿಗೆ ಮಾರಿದರು! ಬಣ್ಣದ ಚಿತ್ರದ ಪೋಸ್ಟ್‌ಕಾರ್ಡುಗಳೂ ಮಾರಾಟವಾದವು. ಜಾತ್ರೆಯಲ್ಲಿ ನೀವು ಹಟ ಮಾಡಿ ಹತ್ತುವ ಉಕ್ಕಿನ ದೊಡ್ಡ ತೊಟ್ಟಿಲಿದೆಯಲ್ಲ, ಅದರ ಹಿರಿಯಣ್ಣನನ್ನು ಫೆರಿಸ್ ಎಂಬ ಎಂಜಿನಿಯರ್ ನಿಲ್ಲಿಸಿದ್ದು ಇದೇ ಮೇಳದಲ್ಲಿ. ಎತ್ತರ 264 ಅಡಿ. ಆ ಚಕ್ರವನ್ನು 1906ರಲ್ಲಿ ಒಡೆದು ಗುಜರಿಗೆ ಹಾಕಿದರು. ಅದರ ಚಿತ್ರವಿದ್ದ ಕಾರ್ಡುಗಳು, ಪದಕಗಳು ಇವತ್ತಿಗೂ ಇವೆ.

ಇದು ಗಮನಿಸಬೇಕಾದ ವಿಷಯ. ಲಂಡನ್ನಿನ ಗಾಜಿನ ಅರಮನೆಯೂ ಉಳಿಯಲಿಲ್ಲ. ಅದನ್ನು ಬಿಚ್ಚಿ ಸಿಡನ್‌ಹ್ಯಾಂ ಎಂಬಲ್ಲಿ ಮತ್ತೆ ಕಟ್ಟಿದ್ದರು. 1936ರಲ್ಲಿ ಬೆಂಕಿಗೆ ಸುಟ್ಟು ಹೋಯಿತು. ಕಬ್ಬಿಣ ಕರಗಿತು, ಕಾಗದ ಉಳಿಯಿತು. ಉಳಿದದ್ದು ತಾನಾಗಿಯೇ ಅಲ್ಲ, ಯಾರೋ ಪುಣ್ಯಾತ್ಮರು ಪೆಟ್ಟಿಗೆಯಲ್ಲಿ ಇಟ್ಟದ್ದರಿಂದ. ಆಕ್ಸ್‌ಫರ್ಡಿನಲ್ಲಿ ಜಾನ್ ಜಾನ್ಸನ್ ಎಂಬವರು ವಿಶ್ವವಿದ್ಯಾಲಯದ ಮುದ್ರಕರಾಗಿದ್ದರು. ಜನ ಬಿಸಾಡುವ ಟಿಕೇಟು, ಜಾಹೀರಾತು, ಕರಪತ್ರ, ಅಂಗಡಿಯ ಬಿಲ್ಲುಗಳನ್ನು ಅವರು ಆಯ್ದು ಇಟ್ಟರು. ಅದು 1968ರಲ್ಲಿ ಅಲ್ಲಿನ ದೊಡ್ಡ ಗ್ರಂಥಾಲಯವಾದ ಬಾಡ್ಲಿಯನ್‌ಗೆ ಸೇರಿತು. ಈಗ ವಿದ್ವಾಂಸರು ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಹೋಗಿ ಆ ರದ್ದಿಯನ್ನು ಓದುತ್ತಾರೆ.

ನಮ್ಮ ನಾಡಿನಿಂದ ಹೋದದ್ದು

ಇನ್ನು ನಮ್ಮ ಕಡೆಯ ಮಾತಿಗೆ ಬರುತ್ತೇನೆ. ಈ ಮೇಳಗಳಿಗೆ ಭಾರತದಿಂದ ವಸ್ತುಗಳು ಹಡಗುಗಟ್ಟಲೆ ಹೋದವು. 1851ರಲ್ಲಿ ಕಳಿಸಿದ್ದು ಈಸ್ಟ್ ಇಂಡಿಯಾ ಕಂಪನಿ. ಕೊಹಿನೂರ್ ವಜ್ರ, ಆನೆಯ ಅಂಬಾರಿ, ರೇಶಿಮೆ, ಮಸಲಿನ್ ಬಟ್ಟೆ, ಇವುಗಳ ಜೊತೆಗೆ ಹತ್ತಿ, ಧಾನ್ಯ, ಬಣ್ಣದ ಬೇರು, ಕಾಡಿನ ಕಟ್ಟಿಗೆ ಎಲ್ಲ ಇದ್ದವು.

ಹತ್ತಿಯ ವಿಷಯ ನಮಗೆ ಹತ್ತಿರದ್ದು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮೊದಲು ನಾವು ಧಾರವಾಡ ಜಿಲ್ಲೆಯವರು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಿತ್ತು. ಅದಕ್ಕಾಗಿ 1840ರಲ್ಲಿ ಕಂಪನಿ ಸರಕಾರ ಅಮೆರಿಕದಿಂದ ಹತ್ತು ಜನ ಹತ್ತಿ ಬೆಳೆಗಾರರನ್ನು ಭಾರತಕ್ಕೆ ಕರೆಸಿತು. ಹೆಚ್ಚಿನ ಕಡೆ ಅವರ ಪ್ರಯೋಗ ಸೋತಿತು. ಧಾರವಾಡ ಜಿಲ್ಲೆಯ ಎರೆ ಭೂಮಿಯಲ್ಲಿ ಮಾತ್ರ ಅಮೆರಿಕದ ಬೀಜ ಹಿಡಿಯಿತು. ಗರಗಸದ ಜಿನ್ನುಗಳು ಬಂದವು. 'ಧಾರವಾಡ' ಎಂಬ ಹೆಸರು ಲಿವರ್‌ಪೂಲ್ ಪೇಟೆಯ ದರಪಟ್ಟಿಗಳಲ್ಲಿ ಹತ್ತಿಯ ಒಂದು ಜಾತಿಯ ಹೆಸರಾಗಿ ಅಚ್ಚಾಗತೊಡಗಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿದ ಮೇಲೆ ಬೆಲೆ ಬಿತ್ತು. ದರಪಟ್ಟಿಯಲ್ಲಿ ಊರಿನ ಹೆಸರು ಇತ್ತು. ಎರೆ ಹೊಲದಲ್ಲಿ ಕುಂಟೆ ಹೊಡೆದವನ, ಹತ್ತಿ ಬಿಡಿಸಿದವಳ ಹೆಸರು ಇರಲಿಲ್ಲ.

ಎರಡನೆಯದು ಬೀದರಿನ ಬಿದರಿ ಕೆಲಸ. ಆಗ ಬೀದರ್ ನಿಜಾಮರ ರಾಜ್ಯದಲ್ಲಿತ್ತು. 1956ರಿಂದ ನಮ್ಮ ರಾಜ್ಯದಲ್ಲಿದೆ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಪಾತ್ರೆ ಎರಕ ಹೊಯ್ಯುತ್ತಾರೆ. ಮೇಲ್ಮೈಯನ್ನು ಅರದಿಂದ ತಿಕ್ಕಿ, ಮೈಲುತುತ್ತದಿಂದ ಕಪ್ಪು ಮಾಡಿ, ಉಳಿಯಿಂದ ಬಳ್ಳಿ ಹೂವು ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿ ಕೂಡಿಸುತ್ತಾರೆ. ಕೊನೆಗೆ ಬೀದರ್ ಕೋಟೆಯೊಳಗಿನ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಹಚ್ಚುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಈ ಕಸುಬಿನಲ್ಲಿ ಮುಸ್ಲಿಂ ಮನೆತನಗಳೂ ಲಿಂಗಾಯತ ಮನೆತನಗಳೂ ಇದ್ದವು.

ಬಿದರಿ ಪಾತ್ರೆಗಳನ್ನು 1851ರ ಮೇಳದಲ್ಲಿ ನೋಡಿ ಲಂಡನ್ನಿನವರು ಬೆರಗಾದರು. ಮೇಳ ಮುಗಿದ ಮೇಲೆ ಸರಕಾರ 5,000 ಪೌಂಡು ಕೊಟ್ಟು ಒಳ್ಳೆಯ ವಸ್ತುಗಳನ್ನು ಕೊಳ್ಳಲು ಹೇಳಿತು. ಅವುಗಳಿಂದ 1852ರಲ್ಲಿ ಒಂದು ವಸ್ತುಸಂಗ್ರಹಾಲಯ ಆರಂಭವಾಯಿತು. ಅದೇ ಈಗಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಜಿಯಂ. ನಮ್ಮ ಬಿದರಿ ಹುಕ್ಕಾ ಪಾತ್ರೆಗಳು ಅದರ ಸಂಗ್ರಹದಲ್ಲಿವೆ. ಮೇಳದ ಪಟ್ಟಿ ಪುಸ್ತಕ ಮೂರು ದೊಡ್ಡ ಸಂಪುಟಗಳಲ್ಲಿ ಅಚ್ಚಾಯಿತು. ಅದರಲ್ಲಿ ಇಂಗ್ಲೆಂಡಿನ ಚಾಕು ಮಾಡುವವನ ಹೆಸರಿದೆ, ಅವನ ಬೀದಿಯ ವಿಳಾಸವಿದೆ. ಭಾರತದ ಭಾಗಕ್ಕೆ ಬಂದರೆ ಬಹುಪಾಲು ವಸ್ತುವಿನ ಹೆಸರು, ಊರಿನ ಹೆಸರು, ಇಲ್ಲವೆ ಕಳಿಸಿದ ರಾಜನ, ಅಧಿಕಾರಿಯ ಹೆಸರು. ಮಾಡಿದ ಉಸ್ತಾದನ ಹೆಸರಿಲ್ಲ.

ಇದು ನಮ್ಮ ನಾಡಿನ ಪದ್ಧತಿಯೇ ಆಗಿರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. ನಮ್ಮ ಈ ಗುತ್ತಲ ಹಿಂದೆ ಗುತ್ತವೊಳಲು. ಗುತ್ತ ಅರಸರ ರಾಜಧಾನಿ. ಅವರ ಶಾಸನಗಳು ಇಲ್ಲಿಗೆ ಹತ್ತಿರದ ಚೌಡದಾನಪುರದಲ್ಲಿ ಇಂದಿಗೂ ನಿಂತಿವೆ. ಹನ್ನೆರಡನೆಯ ಶತಮಾನದ ಬೇಲೂರಿನ ಗುಡಿಗೆ ಹೋದರೆ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂಬ ಹೆಸರುಗಳು ಕೆತ್ತಿವೆ. ಬಳ್ಳಿಗಾವೆ ನಮ್ಮ ಜಿಲ್ಲೆಯ ಗಡಿಗೆ ಹೊಂದಿಕೊಂಡ ಶಿಕಾರಿಪುರ ತಾಲೂಕಿನಲ್ಲಿದೆ. ಸುಮಾರು ಒಂಬೈನೂರು ವರ್ಷಗಳ ಹಿಂದೆ ಕಲ್ಲು ಕೆತ್ತಿದವನು ತನ್ನ ಹೆಸರು, ತಂದೆಯ ಹೆಸರು, ಊರಿನ ಹೆಸರು ಬರೆದುಕೊಂಡ. 1851ರಲ್ಲಿ ಬೆಳ್ಳಿ ಕೂಡಿಸಿದವನ ಹೆಸರನ್ನು ಯಾರೂ ಕೇಳಲಿಲ್ಲ.

ಬಟ್ಟೆಯ ತುಂಡುಗಳ ಪುಸ್ತಕ

ಇನ್ನೊಂದು ಉದಾಹರಣೆ ಕೊಡುತ್ತೇನೆ. ಲಂಡನ್ನಿನಲ್ಲಿ ಇಂಡಿಯಾ ಮ್ಯೂಜಿಯಂ ಎಂದು ಒಂದಿತ್ತು. ಅಲ್ಲಿನ ಅಧಿಕಾರಿ ಜಾನ್ ಫೋರ್ಬ್ಸ್ ವಾಟ್ಸನ್ 1866ರಲ್ಲಿ ಒಂದು ವಿಚಿತ್ರ ಪುಸ್ತಕ ತಂದ. ಮ್ಯೂಜಿಯಂ ಉಗ್ರಾಣದಲ್ಲಿದ್ದ ಭಾರತದ ಬಟ್ಟೆಗಳನ್ನು ಕತ್ತರಿಸಿ, ಆ ತುಂಡುಗಳನ್ನೇ ಹಾಳೆಗೆ ಅಂಟಿಸಿ 18 ಸಂಪುಟ ಮಾಡಿದ. ಒಟ್ಟು 700 ತುಂಡುಗಳು. ಲುಂಗಿ, ಪೇಟ, ಸೀರೆ, ಕುಪ್ಪಸದ ಬಟ್ಟೆ ಎಲ್ಲ ಇತ್ತು. ಇಂಥ 20 ಪ್ರತಿಗಳಾದವು. 13 ಬ್ರಿಟನ್ನಿನಲ್ಲೇ ಇರಿಸಿ, 7ನ್ನು ಭಾರತಕ್ಕೆ ಕಳಿಸಿದರು.

ಉದ್ದೇಶ ಮುಚ್ಚುಮರೆಯದಲ್ಲ. ಭಾರತದ ಜನ ಎಂಥ ಬಟ್ಟೆ ಉಡುತ್ತಾರೆ, ಅಂಚು ಎಷ್ಟು, ಸೆರಗು ಎಷ್ಟು, ಬಣ್ಣ ಯಾವುದು ಎಂಬುದನ್ನು ಅಲ್ಲಿನ ಗಿರಣಿ ಮಾಲಿಕರು ನೋಡಲಿ. ಅದೇ ಮಾದರಿಯಲ್ಲಿ ಯಂತ್ರದಲ್ಲಿ ನೇಯ್ದು ನಮಗೇ ಮಾರಲಿ ಎಂಬುದು. ಪ್ರತಿ ತುಂಡಿನ ಬಳಿ ಉದ್ದ, ಅಗಲ, ತೂಕ, ಎಲ್ಲಿಯದು ಎಂಬ ಮಾಹಿತಿ ಕೊಟ್ಟಿದ್ದಾರೆ. ನೇಕಾರನ ಹೆಸರು ಅವರಿಗೆ ಬೇಕಿರಲಿಲ್ಲ. ಮಾದರಿ ಕೈಗೆ ಸಿಕ್ಕಿತ್ತಲ್ಲ! ಬರೆದಿಡುವ ವಿದ್ಯೆ ಯಾರ ಕೈಯಲ್ಲಿರುತ್ತದೋ ಲಾಭ ಅವರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಆದರೂ ಒಂದು ಮಾತು ಒಪ್ಪಬೇಕು. ಆ ಪುಸ್ತಕ ಇಲ್ಲದಿದ್ದರೆ ಆ ಕಾಲದ ಸಾಮಾನ್ಯ ಜನರ ಎಷ್ಟೋ ಉಡುಗೆಯ ಗುರುತೇ ಇರುತ್ತಿರಲಿಲ್ಲ. ಉಟ್ಟ ಬಟ್ಟೆಯನ್ನು ನಾವು ಹರಿಯುವ ತನಕ ಉಟ್ಟೆವು, ಆಮೇಲೆ ಕೌದಿ ಹೊಲಿದೆವು.

1886: ಮನುಷ್ಯರನ್ನೇ ಕರೆದೊಯ್ದ ಮೇಳ

ವಸ್ತು ಕಳಿಸಿದ್ದು ಸಾಲದೆ ಮನುಷ್ಯರನ್ನೂ ಕಳಿಸಿದ ಮೇಳವೊಂದಿದೆ. 1886ರ ಮೇ 4ರಂದು ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ ವಸಾಹತುಗಳ ಮತ್ತು ಭಾರತದ ಪ್ರದರ್ಶನ ತೆರೆಯಿತು. ಐವತ್ತು ಲಕ್ಷಕ್ಕೂ ಹೆಚ್ಚು ಭೇಟಿಗಳಾದವು. ಅಲ್ಲಿ ಭಾರತದ ಕುಶಲಕರ್ಮಿಗಳನ್ನು ಕೂಡ್ರಿಸಿ ಜನರ ಕಣ್ಣೆದುರು ಕೆಲಸ ಮಾಡಿಸಿದರು. ತಲೆತಲಾಂತರದ ಕಸುಬುದಾರರು ಎಂದು ಜನರಿಗೆ ಹೇಳಿದ್ದರು. ನಿಜವಾಗಿ ಅವರಲ್ಲಿ ಹೆಚ್ಚಿನವರು ಆಗ್ರಾ ಜೇಲಿನಲ್ಲಿ ಕಸುಬು ಕಲಿತವರು. ಕರೆದೊಯ್ದವರು ಆ ಜೇಲಿನ ಸುಪರಿಂಟೆಂಡೆಂಟ್ ಡಾ. ಟೈಲರ್.

ವಿಕ್ಟೋರಿಯಾ ರಾಣಿ ಅವರನ್ನು ನೋಡಿ ರುಡಾಲ್ಫ್ ಸ್ವೊಬೋಡಾ ಎಂಬ ಆಸ್ಟ್ರಿಯಾದ ಚಿತ್ರಕಾರನಿಂದ ಕೆಲವರ ಚಿತ್ರ ಬರೆಸಿದಳು. ಹಾಗಾಗಿ ಬಕ್ಷೀರಾಮ್ ಎಂಬ ಮುದುಕ ಕುಂಬಾರನ ಮುಖ, ಮುಹಮ್ಮದ್ ಹುಸೇನ್ ಎಂಬ ತಾಮ್ರದ ಕೆಲಸಗಾರನ ಮುಖ ಇಂದಿಗೂ ಇವೆ. ಬಕ್ಷೀರಾಮನಿಗೆ ನೂರಾ ಎರಡು ವರ್ಷ ಎಂದು ಬರೆದಿದ್ದಾರೆ. ಮೂವತ್ತೈದು ವರ್ಷ ಹಿಂದೆ ಬಿದರಿ ಮಾಡಿದವನಿಗೆ ಸಿಗದ ಭಾಗ್ಯ ಇವರಿಗೆ ಸಿಕ್ಕಿತು. ಕಾರಣ ಇಷ್ಟೇ: ಹೆಸರೇನು ಎಂದು ಒಬ್ಬರು ಕೇಳಿದರು, ಒಬ್ಬರು ಬರೆದುಕೊಂಡರು.

ಇದೇ ಆಗ್ರಾ ಜೇಲಿನಲ್ಲಿ ಅಬ್ದುಲ್ ಕರೀಂ ಎಂಬ ತರುಣ ಕ್ಲಾರ್ಕ್ ಇದ್ದ. ಮೇಳಕ್ಕೆ ವಸ್ತು ಆರಿಸುವ ಕೆಲಸದಲ್ಲಿ ಟೈಲರ್‌ಗೆ ನೆರವಾದವನು. 1887ರಲ್ಲಿ ಅವನು ರಾಣಿಯ ಸೇವಕನಾಗಿ ಇಂಗ್ಲೆಂಡಿಗೆ ಹೋದ. ಊಟ ಬಡಿಸುವ ಕೆಲಸದಿಂದ ಆರಂಭಿಸಿ ರಾಣಿಗೆ ಉರ್ದು ಕಲಿಸುವ ಮುನ್ಷಿಯಾದ. 2017ರಲ್ಲಿ ಈ ಕಥೆಯ ಸಿನೇಮಾ ಬಂತು, ನಿಮ್ಮಲ್ಲಿ ಕೆಲವರು ನೋಡಿರಬಹುದು. ಅರಮನೆಯವರಿಗೆ ಕರೀಂ ಕಂಡರೆ ಆಗುತ್ತಿರಲಿಲ್ಲ. 1901ರಲ್ಲಿ ರಾಣಿ ತೀರಿಕೊಂಡ ಕೂಡಲೆ ಹೊಸ ರಾಜ ಏಳನೆಯ ಎಡ್ವರ್ಡ್ ಆಳುಗಳನ್ನು ಕರೀಂ ಮನೆಗೆ ಕಳಿಸಿ, ರಾಣಿ ಅವನಿಗೆ ಬರೆದ ಪತ್ರಗಳನ್ನೆಲ್ಲ ತರಿಸಿ ಸುಡಿಸಿದ. ಕರೀಂ ಆಗ್ರಾಕ್ಕೆ ಮರಳಿ 1909ರಲ್ಲಿ ತೀರಿಕೊಂಡ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ರಾಣಿ ಉರ್ದು ಕಲಿಯುತ್ತ ತನ್ನ ಕೈಯಾರೆ ಬರೆದ ಹದಿಮೂರು ಸಂಪುಟಗಳ ಅಭ್ಯಾಸ ಪುಸ್ತಕ ವಿಂಡ್ಸರ್ ಅರಮನೆಯಲ್ಲೇ ಉಳಿದಿತ್ತು. ಉರ್ದು ಲಿಪಿ ಅಲ್ಲಿ ಓದುವವರಿರಲಿಲ್ಲ. ಶ್ರಾವಣಿ ಬಸು ಎಂಬ ಪತ್ರಕರ್ತೆ ಅವನ್ನು ಓದಿಸಿ 2010ರಲ್ಲಿ ಪುಸ್ತಕ ಬರೆದರು. ಅದಾದ ಮೇಲೆ ಕರೀಂನ ಸ್ವಂತ ದಿನಚರಿಯೂ ಹೊರಬಂತು. ದೇಶ ವಿಭಜನೆಯ ಗದ್ದಲದಲ್ಲಿ ಮನೆಮಾರು ಬಿಟ್ಟು ಹೋಗುವಾಗಲೂ ಅವನ ಕುಟುಂಬದವರು ಆ ದಿನಚರಿಯನ್ನು ಜೊತೆಗೆ ಒಯ್ದಿದ್ದರು. ಕರಾಚಿಯಲ್ಲಿ ಅದನ್ನು ಜೋಪಾನ ಮಾಡಿದ್ದರು. ರಾಜನೊಬ್ಬ ಸುಟ್ಟ ಇತಿಹಾಸವನ್ನು ಒಂದು ಮನೆಯ ಪೆಟ್ಟಿಗೆ ನೂರು ವರ್ಷ ಕಾಪಾಡಿತು.

ಹಾವೇರಿಯ ಏಲಕ್ಕಿ ಹಾರ

ಈಗ ನಮ್ಮ ಊರುಗಳಿಗೆ ಬರೋಣ. ನೆನಪಿನ ಕಾಣಿಕೆ ಎಂದರೆ ನಮ್ಮ ಜಿಲ್ಲೆಯಲ್ಲಿ ಮೊದಲು ನೆನಪಾಗುವುದು ಏಲಕ್ಕಿ ಹಾರ. ಮಲೆನಾಡಿನಿಂದ ಬಂದ ಏಲಕ್ಕಿಯನ್ನು ಹಾವೇರಿಯಲ್ಲಿ ತೊಳೆದು ಬಿಳಿದು ಮಾಡಿ ಮಾರುತ್ತಿದ್ದ ಕಾಲವೊಂದಿತ್ತು. ಆ ವ್ಯಾಪಾರ ಇಳಿದರೂ ಹಾರ ಕಟ್ಟುವ ಕಲೆ ಉಳಿಯಿತು. ಪಟವೇಗಾರ ಸಮಾಜದ ಕುಶಲಕರ್ಮಿಗಳು ಆಯ್ದ ಏಲಕ್ಕಿ ಕಾಯಿಗಳನ್ನು ಉಲನ್, ಜರಿ, ಮಣಿಗಳ ಜೊತೆ ಕಟ್ಟಿ ಎರಡೆಳೆ, ಐದೆಳೆಯ ಹಾರ ಮಾಡುತ್ತಾರೆ. ಪ್ರಧಾನಮಂತ್ರಿಗಳ ಕೊರಳಿಗೆ ಬಿದ್ದಿದೆ, ಸಾಹಿತ್ಯ ಸಮ್ಮೇಳನದ ಅಧ್ಯಕ್ಷರ ಕೊರಳಿಗೆ ಬಿದ್ದಿದೆ. ಪೇಪರಿನಲ್ಲಿ ಫೋಟೋ ಬರುತ್ತದೆ. ಹಾಕಿಸಿಕೊಂಡವರ ಹೆಸರು ಇರುತ್ತದೆ, ಹಾಕಿದವರ ಹೆಸರು ಇರುತ್ತದೆ. ಕಟ್ಟಿದವರ ಹೆಸರು? ನಾವೂ 1851ರ ಪಟ್ಟಿ ಬರೆದವರ ಹಾಗೆಯೇ ಮಾಡುತ್ತಿದ್ದೇವೆ.

ಬದಲಾವಣೆ ಆಗುತ್ತಿಲ್ಲ ಎಂದಲ್ಲ. ಬಿದರಿ ಕೆಲಸಕ್ಕೆ, ಚನ್ನಪಟ್ಟಣದ ಗೊಂಬೆಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಸಿಕ್ಕಿತು. ಅದರಿಂದ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಬಂತು. 2023ರಲ್ಲಿ ಬೀದರಿನ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಬಿದರಿ ಕಲೆಗಾಗಿ ಪದ್ಮಶ್ರೀ ಬಂತು. 1851ರ ಆ ಉಸ್ತಾದನ ಹೆಸರು ನಮಗೆ ಸಿಗಲಿಲ್ಲ, ಅದೇ ಕಸುಬಿನ ಇವರ ಹೆಸರು ದೇಶಕ್ಕೆ ಗೊತ್ತಾಯಿತು. ಸಂತೋಷದ ಮಾತು. ಆದರೆ ಪದ್ಮಶ್ರೀ ಎಲ್ಲರಿಗೂ ಬರುವುದಿಲ್ಲ. ಹೆಸರು ಬರೆದಿಡುವ ಕೆಲಸಕ್ಕೆ ದಿಲ್ಲಿಯವರೇ ಬೇಕೆಂದೂ ಇಲ್ಲ.

ನಾವು ಮಾಡಬಹುದಾದ ಕೆಲಸ

ವಿದ್ಯಾರ್ಥಿಗಳೆ, ನಿಮ್ಮ ಮನೆಯ ಟ್ರಂಕಿನ ತಳದಲ್ಲಿ ಏನೇನಿದೆ ಒಮ್ಮೆ ನೋಡಿ. ದಾದಾ ಅವರ ಶಾಲೆ ಬಿಟ್ಟ ದಾಖಲೆ ಇರಬಹುದು. ನಾನಿಯವರ ನಿಕಾಹ್‌ನಾಮಾ ಇರಬಹುದು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಮಾರಿದ ಅಡತಿ ಅಂಗಡಿಯ ಪಟ್ಟಿ, ರಾಣೆಬೆನ್ನೂರಿನಲ್ಲಿ ಹತ್ತಿ ಹಾಕಿದ ಪಾವತಿ ಇರಬಹುದು. ನಾಟಕ ಕಂಪನಿಯ ಕರಪತ್ರ, ಟೂರಿಂಗ್ ಟಾಕೀಸಿನ ಟಿಕೇಟು, ಉರುಸಿನ ಜಾಹೀರಾತು, ಕನ್ನಡ ಉರ್ದು ಎರಡರಲ್ಲೂ ಅಚ್ಚಾದ ಲಗ್ನಪತ್ರಿಕೆ ಇರಬಹುದು. ಮುಂಬಯಿಯಿಂದ ಜಿದ್ದಾಕ್ಕೆ ಹಡಗಿನಲ್ಲಿ ಹಜ್‌ಗೆ ಹೋದವರ ಟಿಕೇಟೂ ಇರಬಹುದು. ಆ ಹಡಗಿನ ಯಾತ್ರೆ 1995ರಲ್ಲಿ ನಿಂತಿತು. ಅದರ ಒಂದು ಟಿಕೇಟು ಇನ್ನು ಮುಂದೆ ಯಾವ ಕೌಂಟರಿನಲ್ಲೂ ಸಿಗುವುದಿಲ್ಲ.

ಇವುಗಳಿಗೆ ಇವತ್ತು ರದ್ದಿ ಅಂಗಡಿಯಲ್ಲಿ ಕಿಲೋ ಲೆಕ್ಕದ ಬೆಲೆ. ಆದರೆ ಒಂದು ಅಡತಿ ಪಾವತಿಯಲ್ಲಿ ಆ ವರ್ಷದ ದರ ಇದೆ, ತೂಕ ಇದೆ, ಕಡಿತ ಎಷ್ಟು ಎಂದಿದೆ, ರೈತನ ಹೆಸರಿದೆ. ಲಿವರ್‌ಪೂಲಿನ ದರಪಟ್ಟಿಯಲ್ಲಿ ಇಲ್ಲದ್ದು ನಿಮ್ಮ ಟ್ರಂಕಿನಲ್ಲಿದೆ. ಮುಂದೆ ಯಾರಾದರೂ ಈ ಭಾಗದ ಮುಸ್ಲಿಮರು ಹೇಗೆ ಬದುಕಿದರು, ಏನು ದುಡಿದರು, ಮಕ್ಕಳನ್ನು ಹೇಗೆ ಓದಿಸಿದರು ಎಂದು ಬರೆಯಲು ಕೂತರೆ ಅವರಿಗೆ ಬೇಕಾಗುವುದು ಇವೇ. ಇಲ್ಲದಿದ್ದರೆ ಅವರು ಊಹೆಯಿಂದ ಬರೆಯುತ್ತಾರೆ, ಇಲ್ಲವೆ ನಮ್ಮನ್ನು ಬಿಟ್ಟು ಬರೆಯುತ್ತಾರೆ. ಎರಡೂ ನಮಗೆ ನಷ್ಟ.

ಕೆಲವು ಸರಳ ಸೂಚನೆಗಳನ್ನು ಕೊಡುತ್ತೇನೆ. ಹಳೆಯ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ. ಆಮೇಲೆ ಬಿಡಿಸಲು ಬರುವುದಿಲ್ಲ, ಕಾಗದ ಕೆಡುತ್ತದೆ. ಸೆಲ್ಲೋಟೇಪ್ ಹಚ್ಚಬೇಡಿ, ಅದು ಹಳದಿ ಕಲೆ ಬಿಡುತ್ತದೆ. ಪಿನ್ನು ಚುಚ್ಚಬೇಡಿ, ತುಕ್ಕು ಹಿಡಿಯುತ್ತದೆ. ಮಡಿಕೆ ಬಿಡಿಸಿ, ದಪ್ಪ ಬಿಳಿ ಹಾಳೆಯ ಲಕೋಟೆಯಲ್ಲಿ ಹಾಕಿ, ನೀರು ಹುಳ ತಾಗದ ಪೆಟ್ಟಿಗೆಯಲ್ಲಿ ಇಡಿ. ಯಾರದು, ಯಾವ ಊರು, ಯಾವ ವರ್ಷ ಎಂಬುದನ್ನು ಪೆನ್ನಿನಿಂದ ಅಲ್ಲ, ಪೆನ್ಸಿಲಿನಿಂದ ಹಿಂಬದಿಯಲ್ಲಿ ಹಗುರಾಗಿ ಬರೆಯಿರಿ. ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಆದರೆ ಫೋಟೋ ಬಂತೆಂದು ಮೂಲ ಕಾಗದವನ್ನು ಬಿಸಾಡಬೇಡಿ. ಓದಲು ಬಾರದ ಮೋಡಿ ಲಿಪಿಯದಿರಲಿ, ಉರ್ದುವಿನದಿರಲಿ, ನಮಗೆ ಅರ್ಥವಾಗಲಿಲ್ಲವೆಂದು ಒಲೆಗೆ ಹಾಕಬೇಡಿ. ರಾಣಿಯ ಉರ್ದು ಪುಸ್ತಕಗಳನ್ನು ನೆನಪಿಡಿ. ಓದುವವರು ಬರುವ ತನಕ ಅವ ಕಾದಿದ್ದವು.

ಪಾಲಕರಲ್ಲಿ ಒಂದು ಪ್ರಾರ್ಥನೆ. ನಿಮ್ಮ ಕಸುಬು ಹಾರ ಕಟ್ಟುವುದಿರಲಿ, ಬಡಿಗತನವಿರಲಿ, ಕಲಾಯಿ, ಹಾಸಿಗೆ ಹೊಲಿಗೆ, ಬಳೆ ವ್ಯಾಪಾರ ಯಾವುದೇ ಇರಲಿ, ಅದನ್ನು ಮಕ್ಕಳಿಗೆ ಹೇಳಿರಿ. ಹತ್ಯಾರಗಳ ಹೆಸರು ಹೇಳಿರಿ, ನಿಮಗೆ ಕಲಿಸಿದ ಉಸ್ತಾದರ ಹೆಸರು ಹೇಳಿರಿ. ಮಕ್ಕಳು ಓದಿ ಬೇರೆ ನೌಕರಿಗೆ ಹೋಗಲಿ, ನಮ್ಮೆಲ್ಲರ ಆಸೆಯೂ ಅದೇ. ಆದರೆ ಕಸುಬು ಮನೆ ಬಿಟ್ಟು ಹೋಗುವ ಮೊದಲು ಒಂದು ನೋಟುಬುಕ್ಕಿನಲ್ಲಿ ಇಳಿಯಲಿ. ಬರೆಯಲು ಬಾರದ ಹಿರಿಯರಿದ್ದ ಮನೆಯಲ್ಲಿ ಇವತ್ತು ಎಂಟನೆಯ ಇಯತ್ತೆ ಓದುವ ಹುಡುಗಿ ಇದ್ದಾಳೆ. ಅವಳು ಓದಿದ್ದಕ್ಕೆ ಮೊದಲ ಸಾರ್ಥಕ್ಯ ಇದಾಗಲಿ. ದಾದಾ ಹೇಳಲಿ, ಅವಳು ಬರೆಯಲಿ.

ಸಂಸ್ಥೆಯ ಹಿರಿಯರಲ್ಲೂ ಒಂದು ಬೇಡಿಕೆ. ನಮ್ಮ ಗ್ರಂಥಾಲಯದಲ್ಲಿ ಒಂದು ಕಪಾಟು ಇದಕ್ಕಾಗಿ ಮೀಸಲಿಡಿ. ಮೂಲ ಕಾಗದ ಕೊಡಲು ಮನಸ್ಸಿಲ್ಲದವರು ಜೆರಾಕ್ಸ್ ಕೊಡಲಿ. ಕೊಟ್ಟವರ ಹೆಸರನ್ನು ರಜಿಸ್ಟರಿನಲ್ಲಿ ಬರೆಯೋಣ. ಮೊದಲು ನಮ್ಮದೇ ವಾರ್ಷಿಕ ಸಂಚಿಕೆಯ ಹಳೆಯ ಪ್ರತಿಗಳನ್ನು ಕೂಡಿಸೋಣ. ಸಂಚಿಕೆಯೂ ಒಂದು ಮೇಳದ ನೆನಪಿನ ಕಾಗದವೇ. ಅದರಲ್ಲಿ ಪಾಸಾದ ಮಕ್ಕಳ ಹೆಸರಿದೆ, ದೇಣಿಗೆ ಕೊಟ್ಟವರ ಹೆಸರಿದೆ, ಹತ್ತು ರೂಪಾಯಿ ಕೊಟ್ಟವರದೂ ಇದೆ. ಇಂಥ ಪಟ್ಟಿ ಬಿದರಿಯ ಉಸ್ತಾದನಿಗೆ ಸಿಗಲಿಲ್ಲ. ನಮ್ಮವರಿಗೆ ಸಿಕ್ಕಿದೆ, ಅದನ್ನು ಕಳೆದುಕೊಳ್ಳುವುದು ಬೇಡ.

 ಬಹುಮಾನ ಪಡೆಯಲಿರುವ ಮಕ್ಕಳಿಗೆ ಅಭಿನಂದನೆಗಳು. ಇವತ್ತು ನಿಮ್ಮ ಕೈಗೆ ಬರುವ ಪ್ರಮಾಣಪತ್ರದಲ್ಲಿ ಹೆಸರು ಸರಿಯಾಗಿ ಬರೆದಿದ್ದಾರೋ ಇಲ್ಲವೋ ನೋಡಿಕೊಳ್ಳಿ; ತಪ್ಪಿದ್ದರೆ ಇಲ್ಲೇ ತಿದ್ದಿಸಿಕೊಂಡು ಮನೆಗೆ ಹೋಗಿ.

ಖುದಾ ಹಾಫಿಜ್. ಜೈ ಹಿಂದ್, ಜೈ ಕರ್ನಾಟಕ.